ತೂಕ ಹೆಚ್ಚಿದ ಬೂದಿ

ತಕ್ಕಡಿ ಮತ್ತೆ ಬೂದಿಯ ಕಡೆಗೇ ವಾಲಿತು.

ಔಷಧಿ ಅಂಗಡಿಯ ಯೋಬ್ಸ್ಟ್ ಕೆಸ್ಲಿಂಗ್ ಕಣ್ಣುಜ್ಜಿಕೊಂಡ. ಮುಲಾಮಿಗೆಂದು ಬೆಳಿಗ್ಗೆ ಹನ್ನೆರಡು ಔನ್ಸ್ ಸೀಸ ತೂಗಿ, ಹಳದಿ ಬೂದಿಯಾಗುವವರೆಗೆ ಸುಟ್ಟಿದ್ದ. ಈಗ ಬೂದಿಯ ತೂಕ ಹದಿಮೂರರ ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ ತನಿಖೆಗೆ ಬರುವ ಊರ ವೈದ್ಯ ಡಾಕ್ಟರ್ ಹ್ಯೂಬ್ನರ್ ಎರಡು ಸಲ ತೂಗಿದಾಗಲೂ ಎದುರಿಗೇ ನಿಂತು ನೋಡಿದ್ದರು.

"ಏನ್ರೀ ಕೆಸ್ಲಿಂಗ್, ಸುಟ್ಟ ಸೌದೆ ಭಾರ ಆಗೋದನ್ನ ಎಲ್ಲಾದ್ರೂ ಕಂಡಿದ್ದೀರಾ? ಸುಟ್ರೆ ಒಳಗಿರೋ ಉರಿಯ ಸತ್ವ ಹೊರಟ್ಹೋಗುತ್ತೆ. ತೂಕ ಇಳೀಬೇಕು. ಹಾಲೆ ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದೇ ಇದು."

"ನನ್ನ ಗುರುಗಳೂ ಅದನ್ನೇ ಹೇಳಿದ್ದು, ಡಾಕ್ಟ್ರೇ."

"ಹಾಗಾದ್ರೆ ತಕ್ಕಡಿ ಸುಳ್ಳು."

ತಕ್ಕಡಿ ಸುಳ್ಳಾದರೆ ಅಂಗಡಿಗೆ ಬೀಗ. ಅದಿರಲಿ, ಗಿರಣಿಯವನ ಹೆಂಡತಿಗೆ ನಿನ್ನೆ ಅಫೀಮು ತೂಗಿಕೊಟ್ಟದ್ದೂ ಇದರಲ್ಲೇ. ಯೋಬ್ಸ್ಟ್ ಬೂದಿಯನ್ನು ಆಚೆ ತಟ್ಟೆಗೆ ಹಾಕಿ, ಹನ್ನೆರಡು ಔನ್ಸಿನ ತೂಕದ ಬಟ್ಟುಗಳನ್ನು ಈಚೆಗಿಟ್ಟ. ಆಗಲೂ ಬೂದಿಯೇ ಭಾರ. ಹೆಂಡತಿ ಊರ್ಸುಲಾ ಓಡಿಹೋಗಿ ಪಕ್ಕದ ಅಕ್ಕಸಾಲಿಗನ ತಕ್ಕಡಿ ತಂದಳು. ಅದೂ ಅಷ್ಟೇ ಹೇಳಿತು.

"ಅವನ ತಕ್ಕಡೀನೂ ಸುಳ್ಳು ಅಂತೀರಾ, ಡಾಕ್ಟ್ರೇ?" ಎಂದಳು ಊರ್ಸುಲಾ. "ಹಾಗಂದ್ರೆ ನಿಮ್ಮ ಉಂಗುರದ ಬಂಗಾರವೂ ಅನುಮಾನವೇ."

ಡಾಕ್ಟರು ಉಂಗುರ ತಿರುಗಿಸಿ ನೋಡಿಕೊಂಡರು. ಯೋಬ್ಸ್ಟ್‌ಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ತಕ್ಕಡಿ ನಿಜವಾದರೆ ಗುರುಗಳು ಹೇಳಿದ್ದು ಏನಾಯಿತು? ಉರಿಯ ಸತ್ವ ಹೊರಗೆ ಹೋಯಿತು, ಸರಿ. ಒಳಗೆ ಬಂದದ್ದೇನು? ಒಲೆಯ ಹೊಗೆಯೇ? ಹಾಗಿದ್ದರೆ ಹಳದಿ ಪುಡಿಯಲ್ಲಿ ಮಸಿಯ ಒಂದು ಚುಕ್ಕೆಯಾದರೂ ಕಾಣಬೇಡವೇ?

"ನೋಡಿ, ನಿಮ್ಮ ಪಾಠ ತಪ್ಪು ಅಂತ ಹಾಲೆಯವರಿಗೆ ಪತ್ರ ಬರೆಯೋಕೆ ನಾನಂತೂ ಸಿದ್ಧನಿಲ್ಲ," ಎಂದರು ಡಾಕ್ಟರು, ತಗ್ಗಿದ ದನಿಯಲ್ಲಿ. "ಹೆಚ್ಚಿದ್ದನ್ನ ನೀವೇ ತೆಗೆದುಬಿಡಿ. ಮುದ್ರೆ ಒತ್ತಿ ಹೋಗ್ತೀನಿ. ಆಗಲ್ಲ ಅಂದ್ರೆ ಬೀಗ ಹಾಕಬೇಕಾಗುತ್ತೆ."

ಯೋಬ್ಸ್ಟ್ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಚಮಚ ತೆಗೆದುಕೊಂಡ. ಸ್ವಲ್ಪ ಸ್ವಲ್ಪವಾಗಿ ಬೂದಿ ತೆಗೆದು ಹಿತ್ತಲ ಕಿಟಕಿಯಾಚೆ ಚೆಲ್ಲಿದ. ಮುಳ್ಳು ನಡುವೆ ನಿಂತಿತು. ಇನ್ನೊಂದು ಚಿಟಿಕೆ ತೆಗೆದ, ಬೂದಿಯ ತಟ್ಟೆ ಮೇಲೆದ್ದಿತು.

"ಈಗ ಸರಿಯಾಯ್ತು," ಎಂದು ಡಾಕ್ಟರು ತಕ್ಕಡಿಗೆ ಊರಿನ ಮುದ್ರೆ ಒತ್ತಿ, ತನಿಖೆಯ ದಿನದ ವಾಡಿಕೆಯ ಬಾತುಕೋಳಿ ಊಟಕ್ಕೆ ಒಳಗೆ ನಡೆದರು.

ಊಟದ ತಟ್ಟೆಗಳನ್ನಿಟ್ಟು ಊರ್ಸುಲಾ ಗಂಡನನ್ನು ಹುಡುಕಿದಳು. ಅವನು ಹಿತ್ತಲ ಹಿಮದಲ್ಲಿ ಮೊಣಕಾಲೂರಿ, ಗರಿಯಿಂದ ಹಳದಿ ಪುಡಿಯನ್ನು ಕಾಗದಕ್ಕೆ ಗುಡಿಸುತ್ತಿದ್ದ.

"ಮುದ್ರೆ ಬಿತ್ತಲ್ರೀ, ಇನ್ನೇನು ಹುಡುಕ್ತಿದ್ದೀರಿ?"

"ಸೀಸ ಅಲ್ಲದ್ದನ್ನ."