ಮೂಗು ಸಾಹೇಬರ ನಾಲ್ಕನೆಯ ಮಾದರಿ

ಮೂರನೆಯ ಸಲವೂ ಮೂಗು ಸಾಹೇಬರು ಮುದ್ರೆಯನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ.

"ಘಮ ಇನ್ನೊಂದು ಸಲ ನೋಡಬೇಕಾಗುತ್ತೆ," ಎಂದರು. ಹೂವನ್ನು ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ, ಎಳೆದೆಳೆದು ಮೂಸಿ, ಚೀಲ ತುಂಬಿಕೊಂಡು ಹೊರಟೇಹೋದರು. ಉದ್ದ ಮೂಗಿನ ಈ ಇನ್ಸ್‌ಪೆಕ್ಟರಿಗೆ ಆ ಹೆಸರನ್ನು ಬೆಳೆಗಾರರೇ ಇಟ್ಟಿದ್ದರು.

ತೋಟದ ಯಜಮಾನಿಗೆ ಮೈಯೆಲ್ಲ ಉರಿಯಿತು. ಅವಳು ಬೆಳೆಯುವುದು ಹಾಪ್ಸ್, ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಬಳ್ಳಿಯ ಹೂವು. ತೇವ ಎಷ್ಟು, ಎಲೆ ಕಡ್ಡಿ ಎಷ್ಟು, ಬೀಜ ಎಷ್ಟು ಎಂದು ಇನ್ಸ್‌ಪೆಕ್ಟರ್ ನೋಡಿ, ಒಂದೊಂದು ಮೂಟೆಗೂ ಮುದ್ರೆ ಒತ್ತುವ ತನಕ ಒಂದು ಹೂವೂ ಶೆಡ್ಡಿನ ಹೊಸಿಲು ದಾಟುವಂತಿಲ್ಲ. ಮೀಟರು, ಜರಡಿ ಎಲ್ಲ ಮೊದಲ ದಿನವೇ ಪಾಸಾಗಿತ್ತು. ಈ ಹಾಳು ಘಮವೊಂದೇ ಬಾಕಿ.

ಶನಿವಾರ ಬಿಯರ್ ಕಾರ್ಖಾನೆಯ ಲಾರಿ ಬರುತ್ತದೆ. ಮುದ್ರೆ ಇಲ್ಲದಿದ್ದರೆ ಅದು ಪಕ್ಕದ ತೋಟಕ್ಕೆ ಹೋಗುತ್ತದೆ. ಮುಂದಿನ ವರ್ಷವೂ ಅಲ್ಲಿಗೇ ಹೋಗುತ್ತದೆ. ಗಂಡ ತೀರಿಕೊಂಡ ಮೇಲೆ ಅವಳು ಒಬ್ಬಳೇ ನಿಂತು ತೆಗೆದ ಮೊದಲ ಬೆಳೆ ಇದು. "ಎಷ್ಟು ದಿನ ನಡೆಸ್ತಾಳೆ ನೋಡೋಣ" ಎಂದವರೆಲ್ಲ ಕತ್ತು ಉದ್ದ ಮಾಡಿಕೊಂಡು ಕಾಯುತ್ತಿದ್ದರು.

ಒಬ್ಬಳೇ ಎಂದರೆ ಪೂರ್ತಿ ನಿಜವಲ್ಲ. ಮೈದುನ ಇದ್ದ. ಶೆಡ್ಡಿನ ಕಾವಲು ಅವನದು. ಕಾವಲಿಗೆ ಕೂತ ಸ್ವಲ್ಪ ಹೊತ್ತಿಗೆಲ್ಲ ಮೂಟೆಗಳ ಮೇಲೆ ಅಂಗಾತ ಬಿದ್ದು ಗೊರಕೆ ಹೊಡೆಯುತ್ತಿದ್ದ. ಕಳ್ಳರು ಬಂದರೆ ಇವನನ್ನೂ ಸೇರಿಸಿ ಹೊತ್ತೊಯ್ಯಬಹುದಿತ್ತು. ಮಾರನೆಯ ದಿನ ಇವನನ್ನು ಮಾತ್ರ ವಾಪಸ್ ತಂದು ಬಿಡುತ್ತಿದ್ದರು. ಬೈದರೆ, "ಹೂವಿನ ವಾಸನೆಗೇ ಕಣ್ಣು ಎಳೆಯುತ್ತೆ ಅತ್ತಿಗೆ, ನಂದೇನು ತಪ್ಪು?" ಎನ್ನುತ್ತಿದ್ದ. ಸೋಮಾರಿಗೆ ನೆಪ ಹೇಳಿಕೊಡಬೇಕೆ?

ಎಚ್ಚರವಿದ್ದಾಗ ಮಾತ್ರ ಸಲಹೆ ಧಾರಾಳ. "ಆ ಮನುಷ್ಯನ ಕೈ ಬೆಚ್ಚಗೆ ಮಾಡಿ ಅತ್ತಿಗೆ."

"ಅದೂ ಆಯ್ತು. ಲಕೋಟೆ ಮುಂದಿಟ್ಟರೆ ಚೇಳು ಕಂಡ ಹಾಗೆ ಹಾರಿಬಿದ್ದ."

"ದುಡ್ಡು ಬೇಡ, ಮಾಲು ಬೇಕು ಅಂದ್ರೆ ಏನರ್ಥ?"

ಪಕ್ಕದ ತೋಟದವನಿಗೆ ಸಾಗಿಸುತ್ತಿದ್ದಾನೆ ಎಂದರ್ಥ. ಅವಳಿಗೆ ಸಂಶಯವೇ ಉಳಿಯಲಿಲ್ಲ. ಮಾದರಿ ಎಂದರೆ ಎರಡು ಬೊಗಸೆ. ಸಾಹೇಬರು ಒಯ್ಯುತ್ತಿದ್ದುದು ಚೀಲದ ತುಂಬ. ಕೇಳಿದರೆ, "ಇಷ್ಟಕ್ಕೆ ಕಡಿಮೆ ಇರಬಾರದು ಅಂತಷ್ಟೇ ನಿಯಮದಲ್ಲಿರೋದಮ್ಮ, ಹೆಚ್ಚಿರಬಾರದು ಅಂತ ಎಲ್ಲಿದೆ?" ಎಂದಿದ್ದರು. ಚೀಲವೂ ಇಲಾಖೆಯ ಖಾಕಿಯದಲ್ಲ. ಬಿಳಿ ಬಟ್ಟೆ, ಅಂಚಿಗೆ ನೀಲಿ ಹೂವಿನ ಕಸೂತಿ. ಮೊದಲ ಸಲ ಬಂದಾಗ ಕಣ್ಣು ಕೆಂಡದಂತಿತ್ತು, ಗುಂಡು ಹಾಕುವ ಗಿರಾಕಿ ಎಂದುಕೊಂಡಿದ್ದಳು. ಮೂರನೆಯ ಸಲಕ್ಕೆ ಮುಖದಲ್ಲಿ ಕಳೆ ಬಂದಿತ್ತು. ಏನೋ ಗುನುಗುತ್ತ ಬಂದಿದ್ದರು. ಕಂಡವರ ಮಾಲು ಹೊಡೆದರೆ ಯಾರಿಗೆ ಕಳೆ ಬರುವುದಿಲ್ಲ?

ಪರೀಕ್ಷೆಯನ್ನೇ ಮಾಡುತ್ತಿಲ್ಲ ಇವನು, ಹಿಡಿದು ತೋರಿಸುತ್ತೇನೆ ಎಂದು ಟೊಂಕ ಕಟ್ಟಿದಳು.

ಗುರುವಾರ ಸಾಹೇಬರು ನಾಲ್ಕನೆಯ ಮಾದರಿ ತುಂಬಿ, ಮೂಟೆಗೆ ಒರಗಿ ಕೂತು ನೀರು ಕೇಳಿದರು. ತರುವಷ್ಟರಲ್ಲಿ ತಲೆ ವಾಲಿತ್ತು. ಪಕ್ಕದಲ್ಲಿ ಮೈದುನನದೂ. ಯಜಮಾನಿ ಸದ್ದಿಲ್ಲದೆ ಚೀಲ ಬರಿದು ಮಾಡಿ, ಮೂಲೆಯ ಗೋಣಿಯಲ್ಲಿದ್ದ ಹೋದ ವರ್ಷದ ಹೂವು ತುಂಬಿದಳು. ಬಣ್ಣ ಇನ್ನೂ ಹಸಿರೇ. ಘಮ ಹೋಗಿ ಹಳೇ ಕಾಲುಚೀಲದ ವಾಸನೆ ಹಿಡಿದಿತ್ತು. ಮೇಲೆ ಎರಡು ಬೊಗಸೆ ಹೊಸದು ಹರಡಿದಳು. ಹಳೇದೆಂದು ಗುರುತಿಸದೆ ಬಂದರೆ ಪರೀಕ್ಷೆಯೇ ಆಗಿಲ್ಲ ಎಂದು ಸಾಬೀತು. ಸಿಕ್ಕಿಬಿದ್ದರೆ ಲೈಸೆನ್ಸೇ ಹೋಗುತ್ತದೆ ಎಂಬುದು ನೆನಪಾಯಿತು. ಆದರೆ ಚೀಲ ಬಿಚ್ಚಿಯೂ ನೋಡದವನು ಎಲ್ಲಿಂದ ಹಿಡಿಯುತ್ತಾನೆ!

ಶುಕ್ರವಾರ ಬೆಳಿಗ್ಗೆ ಗೇಟು ಧಡಾರೆಂದಿತು. ಸಾಹೇಬರ ಕೂದಲು ಕೆದರಿತ್ತು. ಕಣ್ಣು ಮತ್ತೆ ಕೆಂಡ. ಹೂವನ್ನು ಕಾಗದದ ಪೊಟ್ಟಣದಿಂದ ಅವಳ ಮುಂದೆ ಸುರಿದರು.

"ಏನಮ್ಮ ಇದು? ಆ ಮೂಟೆದಲ್ಲ ಇದು. ಹಳೇ ಮಾಲು!"

"ನಿಮಗೆ... ಹೇಗೆ ಗೊತ್ತಾಯ್ತು?"

"ಹೇಗೆ ಅಂದ್ರೆ? ರಾತ್ರಿಯೆಲ್ಲ ಇದರ ಜೊತೆ ಒದ್ದಾಡಿದ್ದೀನಿ. ಒಂದು ನಿಮಿಷ ಕಣ್ಣು ಮುಚ್ಚಿಲ್ಲ!"

ಮುಗಿಯಿತು. ತೋಟವೂ ಹೋಯಿತು, ಮಾನವೂ ಹೋಯಿತು. ಯಜಮಾನಿ ತಡೆಯಲಾರದೆ ಅತ್ತುಬಿಟ್ಟಳು. "ತಪ್ಪಾಯ್ತು ಸಾಹೇಬ್ರೇ. ನೀವು ಮಾದರಿ ಪರೀಕ್ಷೆ ಮಾಡೋದೇ ಇಲ್ಲ, ಮನೆಗೆ ಒಯ್ದು ಏನೋ ಮಾಡ್ತೀರಿ ಅಂದ್ಕೊಂಡಿದ್ದೆ."

ಸಾಹೇಬರ ಮುಖ ಒಮ್ಮೆಲೇ ಕೆಂಪಾಯಿತು. ಕೆಮ್ಮಿದರು. ಛಾವಣಿ ನೋಡಿದರು. "ಆಗಿದ್ದಾಯ್ತು. ಇದನ್ನ ನಾನೂ ಮರೀತೀನಿ, ನೀವೂ ಮರೆತುಬಿಡಿ," ಎಂದು ಜೇಬಿಗೆ ಕೈ ಹಾಕಿದರು. ಮುದ್ರೆ ಹೊರಗೆ ಬಂತು. ಎಲ್ಲ ಮೂಟೆಗೂ ಒತ್ತಿ ಹೊರಟರು.

ಇಂಥ ನಿಷ್ಠಾವಂತನನ್ನು ಕಳ್ಳ ಎಂದೆನಲ್ಲ ಎಂದು ಅವಳಿಗೆ ದಿನವಿಡೀ ನಾಚಿಕೆ. "ಮೂಗು ಅಂದ್ರೆ ಅದು ಮೂಗು. ಕಲಿ ಅವರನ್ನ ನೋಡಿ," ಎಂದು ಮೈದುನನಿಗೆ ಬೈದಳು. ಅವನು ಮಲಗಿದ್ದ.

ಶನಿವಾರ ಲಾರಿ ತುಂಬಿ ಹೊರಟಿತು. ಯಜಮಾನಿ ಗೇಟಿನಲ್ಲಿ ನಿಂತು, ಅದು ರಸ್ತೆ ತಿರುಗುವ ತನಕ ಹಿಗ್ಗಿನಿಂದ ನೋಡಿದಳು. ಆಗಲೇ ಒಂದು ಸ್ಕೂಟರ್ ಬಂದು ನಿಂತಿತು. ಇಳಿದ ಹೆಂಗಸಿನ ಕೈಯಲ್ಲಿ ಖಾಲಿ ಚೀಲ. ಬಿಳಿ ಬಟ್ಟೆ, ಅಂಚಿಗೆ ನೀಲಿ ಹೂವಿನ ಕಸೂತಿ.

"ನಾನು ಸಾಹೇಬರ ಮನೆಯವಳು," ಎಂದವಳು ಖಾಲಿ ಶೆಡ್ಡಿನೊಳಗೆ ಇಣುಕಿ ನೋಡಿ ಹಣೆ ಚಚ್ಚಿಕೊಂಡಳು. "ಎಲ್ಲ ಕಳಿಸೇಬಿಟ್ರಾ ಅಕ್ಕಾ? ಇವರ ದಿಂಬಾಯ್ತು, ಅತ್ತೆ ದಿಂಬಾಯ್ತು, ಮಗೂದಾಯ್ತು. ನನ್ನ ದಿಂಬಿನ ಸರದಿ ಬಂದಾಗಲೇ ನಾರೋ ಮಾಲು ಕೊಟ್ಟು ಮನೆಮಂದಿಯ ನಿದ್ದೆಯೆಲ್ಲ ಕೆಡಿಸಿದ್ರಲ್ಲ!"