ಇವತ್ತೇ ಆಗಬೇಕಿದ್ದ ರಿಪೇರಿ

"ಈಗಲೇ ಮೇಲ್ ನಿಲ್ಲಿಸಬೇಕು ಅತ್ತೆ," ಎನ್ನುತ್ತ ಸೊಸೆ ಆಫೀಸಿನೊಳಗೆ ನುಗ್ಗಿದಳು.

"ಇಲ್ಲಿ ಅತ್ತೆ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ?"

"ಸರಿ ಮೇಡಂ. ನಿಲ್ಲಿಸಲಾ?"

ಅತ್ತೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳನ್ನು ದತ್ತು ಕೊಡುವ ಆ ಸಂಸ್ಥೆಯನ್ನು ಕಟ್ಟಿ ಬೆಳೆಸಿದವರು ಅವರು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಸೊಸೆ. ಮಗುವನ್ನು ಒಪ್ಪಿಸಿ ಹೋದ ತಾಯಂದಿರ ಹೆಸರು, ವಿಳಾಸ ಪರರ ಕಂಪ್ಯೂಟರಿನಲ್ಲಿ ಇರಕೂಡದು ಎಂದು ಹಟ ಹಿಡಿದು, ಸಂಸ್ಥೆಯ ಮೇಲ್ ಸರ್ವರನ್ನು ಹಿಂದಿನ ಪುಟ್ಟ ಕೋಣೆಯಲ್ಲಿ, ಮಕ್ಕಳ ಬಟ್ಟೆಯ ಕಪಾಟಿನ ಪಕ್ಕದಲ್ಲೇ ಇಡಿಸಿದವರೂ ಅತ್ತೆಯೇ. ಆ ಸರ್ವರಿನ ತಂತ್ರಾಂಶದಲ್ಲಿ ದೊಡ್ಡದೊಂದು ತೂತು ಸಿಕ್ಕಿದೆ, ಮುಚ್ಚಲು ತೇಪೆಯೂ ಸಿದ್ಧವಾಗಿದೆ ಎಂದು ಅದನ್ನು ತಯಾರಿಸಿದವರು ಬೆಳಿಗ್ಗೆ ಸಾರಿದ್ದರು. ತೇಪೆ ಹಾಕದ ಕಡೆಗಳಲ್ಲಿ ಆಗಲೇ ಕಳ್ಳರು ನುಗ್ಗಿದ್ದರು.

"ಮುಂದಿನ ಕೋಣೇಲಿ ಯಾರು ಕೂತಿದ್ದಾರೆ ಗೊತ್ತಲ್ಲ? ಕೋರ್ಟಿನ ಆದೇಶ ಮಧ್ಯಾಹ್ನ ಮೇಲ್‌ನಲ್ಲಿ ಬರುತ್ತೆ. ಅದು ಬಂದ್ರೇನೇ ಮಗು ಅವರ ಜೊತೆ ಹೋಗೋದು. ನಿನ್ನ ರಿಪೇರಿ ಸಂಜೆ ಮಾಡ್ಕೋ."

"ಕಳ್ಳ ಸಂಜೆವರೆಗೆ ಕಾಯ್ತಾನಾ?"

"ನಮ್ಮಂಥ ಬಡಪಾಯಿಗಳ ಹತ್ತಿರ ಏನಿದೆ ಅಂತ ಬರ್ತಾನೆ?"

"ಅವನು ಮನೆ ನೋಡ್ಕೊಂಡು ಬರಲ್ಲ. ಬೀದಿ ಉದ್ದಕ್ಕೂ ಎಲ್ಲಾ ಬಾಗಿಲೂ ತಳ್ಳಿಕೊಂಡೇ ಬರ್ತಾನೆ. ಯಾವುದು ತೆರೀತೋ ಅದೇ ಅವನ ಮನೆ."

"ಅಷ್ಟರಲ್ಲಿ ಆದೇಶ ಬಂದು ಕಳೆದುಹೋದ್ರೆ?"

"ಕಳೆಯಲ್ಲ. ನಮ್ಮ ಸರ್ವರ್ ಉತ್ತರ ಕೊಡದಿದ್ರೆ ಕೋರ್ಟಿನ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ತಾನಾಗೇ ಮತ್ತೆ ಕಳಿಸುತ್ತೆ. ತಡ ಆಗಬಹುದು, ಅಷ್ಟೇ. ಆದ್ರೆ ಆ ತಾಯಂದಿರ ಹೆಸರು ಒಂದ್ಸಲ ಆಚೆ ಹೋದ್ರೆ, ವಾಪಸ್ ತರೋ ತೇಪೆ ನನ್ನ ಹತ್ತಿರ ಇಲ್ಲ."

ಇದೇ ಮೇಜಿನ ಆಚೆ ಕೂತು ಎಷ್ಟೋ ಹೆಣ್ಣುಮಕ್ಕಳು ಕೂಸನ್ನು ಅತ್ತೆಯ ಕೈಗಿತ್ತಿದ್ದರು. ಮತ್ತೇನನ್ನೂ ಕೇಳಿದವರಲ್ಲ. "ನನ್ನ ಹೆಸರು ಮಾತ್ರ..." ಎಂದು ಅರ್ಧಕ್ಕೇ ನಿಲ್ಲಿಸಿದವರ ಕೈ ಹಿಡಿದು ಅತ್ತೆ ಮಾತು ಕೊಟ್ಟಿದ್ದರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ನಿಲ್ಲಿಸು. ಅವರಿಗೆ ನಾನು ಹೇಳ್ತೀನಿ."

ಮುಂದಿನ ಕೋಣೆಯ ಬೆಂಚಿನ ತುದಿಯಲ್ಲಿ ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ಮಡಿಲಲ್ಲಿದ್ದ ಹೆಣ್ಣುಕೂಸು ಅವಳ ಅಂಗಿಯ ಗುಂಡಿ ಕೀಳುವ ಗಂಭೀರ ಕೆಲಸದಲ್ಲಿ ಮುಳುಗಿತ್ತು. ಅತ್ತೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ಗಂಡನಿಗೆ ರೇಗಿತು.

"ಇಷ್ಟು ದಿನ ಇಲ್ಲದ್ದು ಇವತ್ತೇ ಬೇಕಿತ್ತಾ ಈ ರಿಪೇರಿ?"

ಹೆಂಡತಿ ಅವನ ಮೊಣಕೈ ಮುಟ್ಟಿ ಸುಮ್ಮನಾಗಿಸಿದಳು. "ಇವಳನ್ನ ಹೆತ್ತವಳ ಹೆಸರೂ ಅದರಲ್ಲಿದೆಯಾ?"

"ಇದೆ."

"ಹಾಗಾದ್ರೆ ಮೊದಲು ಅದು ಆಗಲಿ. ಕಾಯೋದು ನಮಗೇನು ಹೊಸದಾ?"

ಹಿಂದಿನ ಕೋಣೆಯಲ್ಲಿ ಸೊಸೆ ಹೊರಗಿನ ಸಂಪರ್ಕದ ಕೇಬಲ್ ಕಿತ್ತಿದ್ದಳು. ಎಲ್ಲ ಮೇಲ್‌ಗಳ ನಕಲು ಬೇರೊಂದು ಡಿಸ್ಕಿಗೆ ತೆಗೆದು, ಬಂದು ನಿಂತ ಅತ್ತೆಯ ಕೈಗೆ ಕೊಟ್ಟಳು. ಬೆಳಿಗ್ಗೆಯೇ ಇಳಿಸಿಟ್ಟುಕೊಂಡಿದ್ದ ತೇಪೆಯನ್ನು ಹಾಕತೊಡಗಿದಳು. ಅರ್ಧ ದಾರಿಯಲ್ಲಿ ಅದು ಮೊಂಡು ಎತ್ತಿನ ಹಾಗೆ ಮಲಗಿಬಿಟ್ಟಿತು. ಸೊಸೆ ಗಲ್ಲಕ್ಕೆ ಕೈಕೊಟ್ಟು ಪರದೆಯ ಮೇಲಿನ ಕೆಂಪು ಸಾಲನ್ನು ನಿಧಾನವಾಗಿ ಓದಿದಳು. ಅಡ್ಡ ಬಂದಿದ್ದ ಹಳೆಯ ಪ್ರೋಗ್ರಾಮೊಂದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿದಳು. ಎತ್ತು ಎದ್ದು ನಡೆಯಿತು.

"ಆಯ್ತಲ್ಲ, ಮೇಲ್ ಶುರು ಮಾಡು!"

"ಇರಿ. ಚಿಲಕ ಗಟ್ಟಿ ಮಾಡಿದ್ಮೇಲೆ ಮಂಚದ ಕೆಳಗೂ ನೋಡ್ಬೇಕು. ಕಳ್ಳ ಮೊದಲೇ ಒಳಗಿದ್ರೆ, ಅವನನ್ನ ಕಾಪಾಡೋಕೆ ಬೀಗ ಹಾಕಿದ ಹಾಗಾಗುತ್ತೆ."

ಗುರುತಿಲ್ಲದ ಖಾತೆ, ತಾನಿಡದ ಫೈಲು, ಹೊತ್ತಲ್ಲದ ಹೊತ್ತಿನ ಓಡಾಟ ಏನಾದರೂ ಇದೆಯೇ ಎಂದು ಮೂಲೆ ಮೂಲೆ ಜಾಲಾಡಿದಳು. ಅತ್ತೆ ಡಿಸ್ಕನ್ನು ಎದೆಗವಚಿಕೊಂಡು ನಿಂತೇ ಇದ್ದರು. ಕೊನೆಗೆ ಸೊಸೆ, "ಯಾರೂ ಬಂದಿಲ್ಲ," ಎಂದು ಕೇಬಲ್ ಸಿಕ್ಕಿಸಿದಳು.

ಮೊದಲು ಬಂದದ್ದು ಸೋಪಿನ ಪುಡಿಯ ಜಾಹೀರಾತು. ಅತ್ತೆ ಆ ಕಂಪನಿಯ ವಂಶವನ್ನೇ ಬೈದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮುಂದಿನ ಕೋಣೆಯಲ್ಲಿ ಮಗು ಅತ್ತು, ಹಾಲು ಕುಡಿದು, ಮಲಗಿತು. ಆಗ ಕೋರ್ಟಿನ ಆದೇಶ ಬಂತು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನೋದು ಸುಳ್ಳಲ್ಲ ಕಣೇ," ಎಂದು ಗೊಣಗುತ್ತ ಅತ್ತೆ ಪ್ರಿಂಟು ಹಿಡಿದು ಓಡಿದರು. ಮರುಗಳಿಗೆಯಲ್ಲೇ ಮುಂದಿನ ಕೋಣೆಯಿಂದ, ಅಷ್ಟು ರೇಗಿದ್ದ ಗಂಡ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು.

ಹೊರಡುವ ಮುಂಚೆ ಹೆಂಡತಿ ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ಕೋಣೆಗೆ ಬಂದಳು. ಸೊಸೆಯ ಪರದೆಯ ಮೇಲೆ ಒಂದರ ಹಿಂದೊಂದು ಸಾಲು ಮೂಡುತ್ತಿತ್ತು. ಎಲ್ಲಿಂದಲೋ ಯಾರೋ ಆ ತೂತಿಗಾಗಿ ತಡಕಾಡುತ್ತಿದ್ದರು. ಸಿಗದೆ ಮತ್ತೆ ತಡಕಾಡುತ್ತಿದ್ದರು.

"ಏನದು?"

"ಕಳ್ಳ ಬಂದಿದ್ದಾನೆ. ತಳ್ಳಲಿ ಬಿಡಿ, ಅವನ ತೋಳೇ ನೋಯೋದು."

ಹೆಂಡತಿ ಸರ್ವರಿನ ಮೇಲೆ ಅಂಗೈ ಇಟ್ಟಳು. ಅದು ಬೆಚ್ಚಗಿತ್ತು. ಮಗುವನ್ನು ಕಳಿಸಿಕೊಡುವಾಗ ಆ ಸಂಸ್ಥೆಯಲ್ಲಿ ಎಲ್ಲರೂ ಹೇಳುವ ಒಂದು ಮಾತಿತ್ತು. ಅದನ್ನು ಹೇಳಲು ಸೊಸೆ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿಯೇ ಹೇಳಿದಳು:

"ಇವಳನ್ನ ಹೆತ್ತವಳು ನಿಮ್ಮ ಹತ್ತಿರ ಇದ್ದಾಳೆ. ಚೆನ್ನಾಗಿ ನೋಡ್ಕೊಳ್ಳಿ."