ಭಂಗಿ ಗಿಡದ ಉಪಯೋಗಗಳು

ಬೆಟ್ಟದ ಊರಿನ ಯಜಮಾನನ ಜಗಲಿಯ ಮೇಲೆ ನಿಂತು ಕೃಷಿ ವಿಜ್ಞಾನಿ ಗಂಟಲು ಕಟ್ಟುವ ತನಕ ಮಾತಾಡಿದರು. ಭಂಗಿ ಗಿಡವೆಂದರೆ ಬರೀ ನಶೆಯಲ್ಲ. ಅದರ ನಾರಿನಿಂದ ಬಟ್ಟೆ, ಹಗ್ಗ, ಕಾಗದ ಆಗುತ್ತದೆ, ಬೀಜದಿಂದ ಎಣ್ಣೆ, ದಂಟಿನಿಂದ ಮನೆ ಕಟ್ಟುವ ಇಟ್ಟಿಗೆ ಕೂಡ. ನಶೆಯಿಲ್ಲದ ತಳಿಯ ಬೀಜ, ಬೆಳೆಯಲು ಪರವಾನಗಿ, ಎರಡನ್ನೂ ತಾವೇ ಕೊಡಿಸುವುದಾಗಿ ಹೇಳಿದರು.

"ಇದನ್ನ ಬೆಳೆದು ಅಭ್ಯಾಸ ಇರೋರು ಯಾರಾದ್ರೂ ಇದ್ದೀರಾ?"

"ಅಂಥ ಗಿಡಾನೇ ನಾವು ಕಂಡಿಲ್ಲ ಬುದ್ಧಿ," ಎಂದ ಯಜಮಾನ.

"ಹೆಸರಾದ್ರೂ ಕೇಳಿರಬೇಕಲ್ಲ?"

"ಈಗ ತಾವು ಹೇಳುದ್ರಲ್ಲ, ಅದೇ ಮೊದಲು."

ಅವನ ಹೆಂಡತಿ ಹಿತ್ತಲ ಬಾಗಿಲನ್ನು ಮುಂದಕ್ಕೆಳೆದು ಬಂದು ಕೇಳಿದಳು: "ಗಿಡದಲ್ಲಿ ಸೀರೇನೂ ಬುಡ್ತದಾ ಬುದ್ಧಿ?"

ಇಂಥ ದಡ್ಡರನ್ನು ಎಲ್ಲೂ ಕಂಡಿರಲಿಲ್ಲ ಎಂದುಕೊಳ್ಳುತ್ತ ವಿಜ್ಞಾನಿ ತಾವು ತಂದಿದ್ದ ಬೀಜದ ಚೀಲವನ್ನು ಎತ್ತಿಕೊಂಡು ಜೀಪು ಹತ್ತಿದರು.

ಜೀಪು ತಿರುವು ದಾಟುವವರೆಗೂ ಊರವರೆಲ್ಲ ಕೈಮುಗಿದೇ ನಿಂತಿದ್ದರು. ಆಮೇಲೆ ಯಜಮಾನ ಎಲೆಗೆ ಸುಣ್ಣ ಸವರುತ್ತ ಹೇಳಿದ:

"ಹೋದ ವರ್ಸ ಬಂದಿದ್ದ ಪೊಲೀಸಪ್ಪ ಇವನಿಗಿಂತ ಚೆಂದಾಗಿ ವಿಜ್ಞಾನಿ ವೇಷ ಕಟ್ಟಿದ್ದ."